ಸಮುದ್ರ ಏರುತ್ತಿದೆಯೇ? ವಾದ ಬಂದಾಗ ಅಳತೆಯನ್ನು ಓದುವ ಕ್ರಮ

ಸಮುದ್ರದ ಮಟ್ಟ ಏರುತ್ತಿದೆ ಎಂದು ಒಬ್ಬರು ಹೇಳುತ್ತಾರೆ. ಸಾಕ್ಷಿಗೆ ಉಳ್ಳಾಲದಲ್ಲೋ ಸೋಮೇಶ್ವರದಲ್ಲೋ ಅಲೆಯ ಹೊಡೆತಕ್ಕೆ ಅಡಿಪಾಯ ಕಳೆದುಕೊಂಡು ವಾಲಿ ನಿಂತ ಮನೆಯ ಚಿತ್ರ ತೋರಿಸುತ್ತಾರೆ. ಹಾಗೇನೂ ಇಲ್ಲ ಎಂದು ಇನ್ನೊಬ್ಬರು ಹೇಳುತ್ತಾರೆ; ಸಾಕ್ಷಿಗೆ ನ್ಯೂಯಾರ್ಕಿನ ಸ್ವಾತಂತ್ರ್ಯ ಪ್ರತಿಮೆಯ ಹಳೆಯ ಫೋಟೋ ಒಂದನ್ನೂ ಹೊಸತೊಂದನ್ನೂ ಅಕ್ಕಪಕ್ಕ ಇಟ್ಟು, ನೀರು ಅಂದು ಎಲ್ಲಿತ್ತೋ ಇಂದೂ ಅಲ್ಲೇ ಇದೆಯಲ್ಲ ಎನ್ನುತ್ತಾರೆ. ಈ ಎರಡು ಸಾಕ್ಷಿಗಳಲ್ಲಿ ಯಾವುದೂ ಸಮುದ್ರ ಮಟ್ಟದ ಅಳತೆಯಲ್ಲ. ಮೊದಲನೆಯದು ದಡದ ಕಥೆ, ಎರಡನೆಯದು ಆ ಕ್ಷಣದ ಉಬ್ಬರದ ಕಥೆ.

ಅಂತಹ ವಾದ ಎದುರಾದಾಗ ಏನನ್ನು ಕೇಳಬೇಕು, ಯಾವ ದಾಖಲೆಯನ್ನು ತೆರೆಯಬೇಕು, ಅದರಲ್ಲಿನ ಅಂಕಿಗಳನ್ನು ಹೇಗೆ ಓದಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಸಮುದ್ರ ಏರುತ್ತಿದೆ, ಅಳತೆಗಳು ಅದನ್ನು ಸ್ಪಷ್ಟವಾಗಿ ತೋರಿಸುತ್ತವೆ. ಆದರೆ ಏರುತ್ತಿದೆ ಎನ್ನುವವರೂ ಎಷ್ಟೋ ಸಲ ತಪ್ಪು ಸಾಕ್ಷಿ ಹಿಡಿದು ಬರುತ್ತಾರೆ. ಸರಿಯಾದ ಮಾತಿಗೆ ತಪ್ಪು ಸಾಕ್ಷಿ ಕೊಟ್ಟಾಗ ಎದುರಿನವರಿಗೆ ಆ ಮಾತನ್ನೇ ತಳ್ಳಿಹಾಕುವುದು ಸುಲಭವಾಗುತ್ತದೆ. ಕರಾವಳಿಯ ಮಾತುಕತೆಗಳಲ್ಲಿ ಇದು ಮತ್ತೆ ಮತ್ತೆ ನಡೆಯುವುದನ್ನು ನೋಡಿ ಬೇಸರವಾಗಿಯೇ ಇದನ್ನು ಬರೆಯುತ್ತಿದ್ದೇನೆ.

ವಾದ ಶುರುವಾದ ಕೂಡಲೇ ಮಾಡಬೇಕಾದ ಮೊದಲ ಕೆಲಸವೆಂದರೆ, ಯಾವ ಪ್ರಶ್ನೆಯ ಮೇಲೆ ಜಗಳ ನಡೆಯುತ್ತಿದೆ ಎಂದು ಬಿಡಿಸಿಕೊಳ್ಳುವುದು. ಇಲ್ಲಿಯವರೆಗೆ ಸಮುದ್ರ ಏರಿದೆಯೇ ಎಂಬುದು ಒಂದು ಪ್ರಶ್ನೆ. ಇನ್ನು ಮುಂದೆ ಎಷ್ಟು ಏರೀತು ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಅಳತೆಯ ಉತ್ತರವಿದೆ, ಎರಡನೆಯದಕ್ಕೆ ಅಂದಾಜಿನ ಉತ್ತರವಿದೆ. ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದಲ್ಲಿ 2010ರಲ್ಲಿ ತಜ್ಞರ ಸಮಿತಿಯೊಂದು 2100ರ ವೇಳೆಗೆ ಸುಮಾರು ಒಂದು ಮೀಟರ್ ಏರಿಕೆಯನ್ನು ಲೆಕ್ಕಕ್ಕೆ ಹಿಡಿದು ಯೋಜನೆ ಮಾಡಿ ಎಂದು ಹೇಳಿದಾಗ, ಕರಾವಳಿಯ ಜಮೀನಿನ ಬೆಲೆ ಬಿದ್ದೀತೆಂಬ ಆತಂಕದಿಂದ ದೊಡ್ಡ ವಿರೋಧ ಎದ್ದಿತು. 2012ರಲ್ಲಿ ಅಲ್ಲಿನ ಶಾಸನಸಭೆ ಇಂತಹ ಅಂದಾಜುಗಳನ್ನು ಸರ್ಕಾರಿ ನಿಯಮಗಳಿಗೆ ಬಳಸುವುದನ್ನು ಕೆಲವು ವರ್ಷ ತಡೆಹಿಡಿಯುವ ಕಾನೂನನ್ನೇ ಮಾಡಿತು. ಆ ಜಗಳ ಮುಖ್ಯವಾಗಿ ಮುಂದಿನದರ ಬಗ್ಗೆ ಇತ್ತು. ಆದರೆ ಹೊರಗೆ ಹಬ್ಬಿದ ಸುದ್ದಿಯಲ್ಲಿ ಸಮುದ್ರ ಏರುತ್ತಿದೆಯೋ ಇಲ್ಲವೋ ಎಂಬುದೇ ವಿವಾದವೆಂಬಂತೆ ಕಂಡಿತು. ಹಾಗಾಗಿ ಎದುರಿನವರು "ಒಂದು ಮೀಟರ್ ಎಲ್ಲಾ ಸುಳ್ಳು" ಎಂದರೆ, ಅವರು ಮುಂದಿನ ಅಂದಾಜನ್ನು ಅಲ್ಲಗಳೆಯುತ್ತಿದ್ದಾರೋ ಈಗಾಗಲೇ ಅಳೆದು ಬರೆದಿಟ್ಟದ್ದನ್ನೋ ಎಂದು ಸಮಾಧಾನದಿಂದ ಕೇಳಿ ತಿಳಿದುಕೊಳ್ಳಬೇಕು.

ಅಳತೆಯ ಮಾತೇ ಎಂದು ಖಚಿತವಾದ ಮೇಲೆ ಕೇಳಬೇಕಾದ ಪ್ರಶ್ನೆಗಳು ಮೂರು. ಯಾವ ಗುರುತಿನಿಂದ ಅಳೆದದ್ದು? ಅದು ಯಾವ ಹೊತ್ತಿನ ನೀರು? ಎಷ್ಟು ಕಾಲದ ಲೆಕ್ಕ? ಈ ಮೂರರಲ್ಲಿ ಒಂದಕ್ಕೆ ಉತ್ತರ ಸಿಗದಿದ್ದರೂ ಆ ಸಾಕ್ಷಿಯನ್ನು ಬದಿಗಿಡುವುದೇ ಲೇಸು. ಇದು ಎಷ್ಟು ಮುಖ್ಯ ಎಂಬುದಕ್ಕೆ ಟಾಸ್ಮೇನಿಯಾದ ಒಂದು ಬಂಡೆಗಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ.

ಆಸ್ಟ್ರೇಲಿಯದ ದಕ್ಷಿಣಕ್ಕಿರುವ ಟಾಸ್ಮೇನಿಯಾದಲ್ಲಿ ಪೋರ್ಟ್ ಆರ್ಥರ್ ಎಂಬ ಕೈದಿಗಳ ವಸಾಹತು ಇತ್ತು. ಅಲ್ಲಿ ಸತ್ತವರನ್ನು ಹೂಳಲು ಬಳಸುತ್ತಿದ್ದ ಪುಟ್ಟ ನಡುಗಡ್ಡೆಗೆ ಇಂದಿಗೂ ಐಲ್ ಆಫ್ ದಿ ಡೆಡ್ ಎಂದೇ ಹೆಸರು. ದಕ್ಷಿಣ ಧ್ರುವದ ಕಡೆಗೆ ಯಾತ್ರೆ ಕೈಗೊಂಡಿದ್ದ ನಾವಿಕ ಜೇಮ್ಸ್ ಕ್ಲಾರ್ಕ್ ರಾಸ್ ಅವರ ಆಸಕ್ತಿಯಿಂದ, ವಸಾಹತಿನ ಉಗ್ರಾಣದ ಅಧಿಕಾರಿ ಥಾಮಸ್ ಲೆಂಪ್ರಿಯೇರ್ 1841ರ ಜುಲೈ 1ರಂದು ಆ ನಡುಗಡ್ಡೆಯ ನೆಟ್ಟಗಿನ ಮರಳುಗಲ್ಲಿನ ಬಂಡೆಯ ಮೇಲೆ ಒಂದು ಅಡ್ಡಗೆರೆ, ಅದಕ್ಕೆ ತಾಗಿದಂತೆ ಒಂದು ಬಾಣದ ಗುರುತು ಕೆತ್ತಿಸಿದರು. ಗೆರೆ ಇಂದಿಗೂ ಇದೆ. 2000ರ ಆಸುಪಾಸಿನಲ್ಲಿ ಅಳೆದಾಗ ಅದು ಸರಾಸರಿ ಸಮುದ್ರ ಮಟ್ಟಕ್ಕಿಂತ ಸುಮಾರು 31 ಸೆಂಟಿಮೀಟರ್ ಮೇಲಿತ್ತು.

ರಾಸ್ ಮುಂದೆ ತಮ್ಮ ಯಾತ್ರೆಯ ಗ್ರಂಥದಲ್ಲಿ ಆ ಗುರುತನ್ನು ಸಮುದ್ರದ ಸಾಮಾನ್ಯ ಸರಾಸರಿ ಮಟ್ಟವೆಂಬಂತೆ ವಿವರಿಸಿದ್ದರು. ಸಮುದ್ರ ಏರುತ್ತಿಲ್ಲ ಎಂದು ವಾದಿಸುತ್ತಿದ್ದ ಟಾಸ್ಮೇನಿಯಾದವರೇ ಆದ ಜಾನ್ ಡೇಲಿ ಮುಂತಾದವರು ಇದನ್ನು ಹಿಡಿದುಕೊಂಡರು. 1841ರಲ್ಲಿ ಸರಾಸರಿ ಮಟ್ಟ ಈ ಗೆರೆಯ ಬಳಿ ಇತ್ತು, ಈಗ ಗೆರೆಗಿಂತ ಒಂದಡಿಯಷ್ಟು ಕೆಳಗಿದೆ. ಹಾಗಾದರೆ ಸಮುದ್ರ ಏರುವುದಿರಲಿ, ಇಳಿದಿದೆ ಎಂಬುದು ಅವರ ವಾದ. ಮೇಲ್ನೋಟಕ್ಕೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಬಂಡೆ ಸುಳ್ಳು ಹೇಳುವುದಿಲ್ಲ, ಗೆರೆ ಕಣ್ಣೆದುರಿಗೇ ಇದೆ.

ಆದರೆ ಗೆರೆಯ ಮೇಲೆ ಒಂದು ಕಲ್ಲಿನ ಫಲಕವೂ ಇತ್ತು. ಅದು ಈಗ ಇಲ್ಲವಾದರೂ ಅದರ ಮೇಲಿನ ಬರಹವನ್ನು ಯಾರೋ ನಕಲು ಮಾಡಿಟ್ಟದ್ದು ಉಳಿದಿದೆ. ಗೆರೆಯನ್ನು ಕೆತ್ತಿದ ಹೊತ್ತಿಗೆ ಉಬ್ಬರಮಾಪಕದಲ್ಲಿ ನೀರಿನ ಎತ್ತರ 6 ಅಡಿ 1 ಅಂಗುಲ ಇತ್ತು ಎಂದು ಅದರಲ್ಲಿ ದಾಖಲಾಗಿತ್ತು. ಅಂದರೆ ಲೆಂಪ್ರಿಯೇರ್ ಗುರುತಿಸಿದ್ದು ಸರಾಸರಿ ಮಟ್ಟವನ್ನಲ್ಲ, ಆ ಹೊತ್ತಿನ ನೀರಿನ ಮೇಲ್ಮೈಯನ್ನು. ಹಾಗಾದರೆ ಆ ಮಾಪಕದಲ್ಲಿ ಸರಾಸರಿ ಎಷ್ಟಿತ್ತು? ಅದು ತಿಳಿಯಬೇಕಾದರೆ ಅವರು ದಿನದಿನವೂ ಬರೆದಿಟ್ಟ ಉಬ್ಬರದ ಲೆಕ್ಕ ಬೇಕಿತ್ತು. 1841 ಮತ್ತು 1842ರ ಆ ಲೆಕ್ಕದ ಹಾಳೆಗಳು ಲಂಡನ್ನಿನ ರಾಯಲ್ ಸೊಸೈಟಿಯಲ್ಲೂ ಆಸ್ಟ್ರೇಲಿಯದ ದಾಖಲೆಗಳಲ್ಲೂ ದೊರೆತವು. ಜಾನ್ ಹಂಟರ್, ರಿಚರ್ಡ್ ಕೋಲ್‌ಮನ್, ಡೇವಿಡ್ ಪ್ಯೂ ಎಂಬ ಮೂವರು ವಿಜ್ಞಾನಿಗಳು ಅವುಗಳನ್ನು ಹೊಸ ಅಳತೆಯೊಂದಿಗೆ ಕೂಡಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಆ ಕಾಲದ ಸರಾಸರಿ ಮಟ್ಟಕ್ಕಿಂತ ಗೆರೆ ಸುಮಾರು 44 ಸೆಂಟಿಮೀಟರ್ ಮೇಲಿತ್ತು. ಅಂದು 44 ಸೆಂಟಿಮೀಟರ್ ಕೆಳಗಿದ್ದ ಸಮುದ್ರ 2000ರ ಆಸುಪಾಸಿಗೆ 31 ಸೆಂಟಿಮೀಟರ್ ಕೆಳಗಿತ್ತು ಎಂದಮೇಲೆ ಅದು ಸುಮಾರು 13 ಸೆಂಟಿಮೀಟರ್ ಮೇಲೆ ಬಂದಂತಾಯಿತು. ನೆಲ ತಾನೂ ತುಸು ಮೇಲೇಳುತ್ತಿರುವುದನ್ನು ಲೆಕ್ಕಕ್ಕೆ ತಂದರೆ ಅದು ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್ ಏರಿಕೆ. ಅದೇ ಬಂಡೆ, ಅದೇ ಗೆರೆ. ಆದರೆ ಗೆರೆ ಕೆತ್ತುವಾಗ ನೀರು ಎಲ್ಲಿತ್ತು ಎಂಬ ಒಂದು ಅಂಕಿಯಿಂದ ತೀರ್ಮಾನ ತಲೆಕೆಳಗಾಯಿತು.

ಸ್ವಾತಂತ್ರ್ಯ ಪ್ರತಿಮೆಯ ಫೋಟೋಗಳಿಗೂ ಇದೇ ಪರೀಕ್ಷೆ ಒಡ್ಡಬೇಕು. ನ್ಯೂಯಾರ್ಕಿನ ಬ್ಯಾಟರಿ ಎಂಬಲ್ಲಿ 1856ರಿಂದ ಉಬ್ಬರಮಾಪಕವಿದೆ. ಅದರ ಪ್ರಕಾರ ಅಲ್ಲಿ ನೀರು ನೂರು ವರ್ಷಕ್ಕೆ ಸುಮಾರು 30 ಸೆಂಟಿಮೀಟರಿನಂತೆ ಏರಿದೆ. ಆದರೆ ಆ ಬಂದರಿನಲ್ಲಿ ದಿನಕ್ಕೆ ಎರಡು ಸಲ ನೀರು ಒಂದು ಮೀಟರಿಗೂ ಹೆಚ್ಚು ಏರಿಳಿಯುತ್ತದೆ. ಹಳೆಯ ಫೋಟೋ ಉಬ್ಬರದ ಹೊತ್ತಿನದೋ, ಹೊಸದು ಇಳಿತದ ಹೊತ್ತಿನದೋ ತಿಳಿಯದೆ ಎರಡನ್ನೂ ಪಕ್ಕಪಕ್ಕ ಇಡುವುದು ಒಬ್ಬರನ್ನು ಊಟಕ್ಕೆ ಮೊದಲೂ ಇನ್ನೊಬ್ಬರನ್ನು ಊಟವಾದ ಮೇಲೂ ತೂಗಿ ಯಾರು ದಪ್ಪ ಎಂದು ಹೇಳಿದಂತೆ. ಮುಂಬಯಿಯಲ್ಲಂತೂ ಹುಣ್ಣಿಮೆ ಅಮಾವಾಸ್ಯೆಗಳ ಸುತ್ತ ಉಬ್ಬರಕ್ಕೂ ಇಳಿತಕ್ಕೂ ನಾಲ್ಕು ಮೀಟರಿನಷ್ಟು ಅಂತರ ಬೀಳುತ್ತದೆ. ಗೇಟ್‌ವೇ ಆಫ್ ಇಂಡಿಯಾದ ಮೆಟ್ಟಿಲುಗಳ ಹಳೆಯ ಚಿತ್ರದಿಂದ ಹತ್ತಿಪ್ಪತ್ತು ಸೆಂಟಿಮೀಟರಿನ ವ್ಯತ್ಯಾಸ ಹುಡುಕುವುದು ಆಗದ ಕೆಲಸ.

ಗುರುತು ನೆಲದ ಮೇಲಿರುತ್ತದೆ, ಆದರೆ ನೆಲ ಸ್ಥಿರವಲ್ಲ. ಇದು ಎರಡನೆಯ ತೊಡಕು. ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ 1774ರಿಂದ ಸಮುದ್ರ ಮಟ್ಟದ ದಾಖಲೆಯಿದೆ, ಅದು ಶತಮಾನಕ್ಕೆ ಸುಮಾರು 40 ಸೆಂಟಿಮೀಟರಿನಂತೆ ಇಳಿಯುತ್ತ ಬಂದಿರುವುದನ್ನು ತೋರಿಸುತ್ತದೆ. ಇದನ್ನು ತೋರಿಸಿ ಸಮುದ್ರ ಇಳಿಯುತ್ತಿದೆ ಎನ್ನುವವರಿದ್ದಾರೆ. ವಾಸ್ತವದಲ್ಲಿ ಹಿಮಯುಗದಲ್ಲಿ ಆ ನಾಡಿನ ಮೇಲೆ ಹೇರಿಕೊಂಡಿದ್ದ ಕಿಲೋಮೀಟರುಗಟ್ಟಲೆ ದಪ್ಪದ ಹಿಮದ ಭಾರ ಕರಗಿ ಹೋದ ಮೇಲೆ, ಒತ್ತಿಹಿಡಿದ ಹಾಸಿಗೆಯಿಂದ ಕೈ ತೆಗೆದಂತೆ, ನೆಲ ಇಂದಿಗೂ ವರ್ಷಕ್ಕೆ ಸುಮಾರು 5 ಮಿಲಿಮೀಟರ್ ಮೇಲೇಳುತ್ತಿದೆ. ತಾಪಮಾನದ ಮಾಪನಕ್ಕೆ ಹೆಸರು ಕೊಟ್ಟ ಆಂಡರ್ಸ್ ಸೆಲ್ಸಿಯಸ್ ಅವರೇ 1731ರಲ್ಲಿ ಲೋವ್‌ಗ್ರುಂಡ್ ದ್ವೀಪದ ಬಂಡೆಯ ಮೇಲೆ ನೀರಿನ ಮಟ್ಟದ ಗುರುತು ಹಾಕಿಸಿ, ಸಮುದ್ರದ ನೀರೇ ಕಡಿಮೆಯಾಗುತ್ತಿದೆ ಎಂದು ಭಾವಿಸಿದ್ದರು. ಅಳತೆ ಸರಿಯಿತ್ತು, ಏಳುತ್ತಿದ್ದುದು ನೆಲ ಎಂಬುದು ಆಗ ತಿಳಿದಿರಲಿಲ್ಲ. ಇದಕ್ಕೆ ವಿರುದ್ಧವಾದ ಉದಾಹರಣೆ ನಮ್ಮಲ್ಲೇ ಇದೆ: ಬಂಗಾಳದ ಡೈಮಂಡ್ ಹಾರ್ಬರಿನ ಮಾಪಕ ಮುಂಬಯಿಯದಕ್ಕಿಂತ ಹಲವು ಪಟ್ಟು ವೇಗದ ಏರಿಕೆ ತೋರಿಸುತ್ತದೆ, ಏಕೆಂದರೆ ಅಲ್ಲಿ ನದಿ ತಂದು ಹಾಸಿದ ಮೆತ್ತನೆಯ ನೆಲವೂ ಕುಸಿಯುತ್ತಿದೆ. ಹಾಗಾಗಿ ಯಾವುದೋ ಒಂದೇ ಊರಿನ ಅಂಕಿ ಹಿಡಿದು ಬಂದವರು ಯಾವ ಪಕ್ಷದವರಾದರೂ, ಅಲ್ಲಿನ ನೆಲ ಏನು ಮಾಡುತ್ತಿದೆ ಎಂದು ಕೇಳಬೇಕು.

ಈಗ ದಾಖಲೆಯನ್ನು ನೀವೇ ತೆರೆಯುವ ಕ್ರಮ. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ 1933ರಿಂದ ಪಿಎಸ್‌ಎಂಎಸ್‌ಎಲ್ (PSMSL) ಎಂಬ ಸಂಸ್ಥೆ ಜಗತ್ತಿನ ಬಂದರುಗಳ ಸರಾಸರಿ ಸಮುದ್ರ ಮಟ್ಟದ ದಾಖಲೆಗಳನ್ನು ಕೂಡಿಡುತ್ತಿದೆ. ಅಂತರ್ಜಾಲದಲ್ಲಿ ಯಾರು ಬೇಕಾದರೂ ಹಣ ಕೊಡದೆ ಇಳಿಸಿಕೊಳ್ಳಬಹುದು. ಮುಂಬಯಿಯ ಅಪೋಲೋ ಬಂದರಿನ ದಾಖಲೆ 1878ರಿಂದ ಇದೆ, ಹಿಂದೂ ಮಹಾಸಾಗರದ ಅತಿ ಉದ್ದದ ದಾಖಲೆಗಳಲ್ಲಿ ಅದೂ ಒಂದು. ಕಾರವಾರ ಮತ್ತು ಮಂಗಳೂರಿನ ಪಣಂಬೂರಿನ ದಾಖಲೆಗಳೂ ಅಲ್ಲಿವೆ, ಆದರೆ ಅವು ಮುಂಬಯಿಯದಕ್ಕಿಂತ ಬಹಳ ಚಿಕ್ಕವು. ಅಭ್ಯಾಸಕ್ಕೆ ಮುಂಬಯಿಯದನ್ನೇ ತೆಗೆದುಕೊಳ್ಳಿ.

ಅಂಕಿಗಳು ಎರಡು ಬಗೆಯಲ್ಲಿ ಸಿಗುತ್ತವೆ. ಆರ್‌ಎಲ್‌ಆರ್ (RLR) ಎಂದು ಗುರುತಿಸಿದ್ದನ್ನೇ ಆರಿಸಿಕೊಳ್ಳಬೇಕು. ಮಾಪಕವನ್ನು ಬದಲಿಸಿದಾಗ, ಸ್ಥಳಾಂತರಿಸಿದಾಗ ಬಂದ ಜಿಗಿತಗಳನ್ನು ನೆಲದ ಮೇಲಿನ ಒಂದೇ ಗುರುತಿಗೆ ಹೊಂದಿಸಿದ ಅಂಕಿಗಳು ಅವು. ಮೆಟ್ರಿಕ್ ಎಂದು ಹೆಸರಿರುವ ಇನ್ನೊಂದು ಬಗೆಯಲ್ಲಿ ಈ ಹೊಂದಾಣಿಕೆ ಇಲ್ಲದಿರಬಹುದಾದ್ದರಿಂದ ಏರಿಕೆಯ ಲೆಕ್ಕಕ್ಕೆ ಅದನ್ನು ಬಳಸಬಾರದೆಂದು ಸಂಸ್ಥೆಯೇ ಎಚ್ಚರಿಸುತ್ತದೆ. ವಾರ್ಷಿಕ ಸರಾಸರಿಯ ಕಡತ ತೆರೆದರೆ ಪ್ರತಿ ಸಾಲಿನಲ್ಲಿ ಮೊದಲು ವರ್ಷ, ನಂತರ ಮಿಲಿಮೀಟರಿನಲ್ಲಿ ಮಟ್ಟ ಕಾಣುತ್ತದೆ. ಮಟ್ಟ ಏಳು ಸಾವಿರದ ಆಸುಪಾಸಿನಲ್ಲಿ ಇರುವುದನ್ನು ನೋಡಿ ಗಾಬರಿಯಾಗಬೇಡಿ. ಋಣ ಸಂಖ್ಯೆಗಳು ಬಾರದಿರಲೆಂದು ಸರಾಸರಿಗಿಂತ ಸುಮಾರು ಏಳು ಮೀಟರ್ ಕೆಳಗೆ ಸೊನ್ನೆಯನ್ನು ಇಟ್ಟಿದ್ದಾರೆ, ಅಷ್ಟೇ. ಅಳತೆ ಇಲ್ಲದ ವರ್ಷಗಳ ಎದುರು -99999 ಎಂದು ಇರುತ್ತದೆ. ಅದು ಮಟ್ಟವಲ್ಲ, ಖಾಲಿ ಎಂಬುದರ ಗುರುತು. ಆ ಸಾಲುಗಳನ್ನು ಅಳಿಸದೆ ಗೆರೆ ಎಳೆದರೆ ಸಮುದ್ರ ಒಂದೇ ವರ್ಷದಲ್ಲಿ ನೂರು ಮೀಟರ್ ಕುಸಿದಂತೆ ಬರುತ್ತದೆ.

ಉಳಿದ ಸಾಲುಗಳನ್ನು ಎಕ್ಸೆಲ್ಲಿನಂತಹ ಹಾಳೆಗೆ ಹಾಕಿ, ವರ್ಷ ಅಡ್ಡಕ್ಕೆ, ಮಟ್ಟ ಉದ್ದಕ್ಕೆ ಬರುವಂತೆ ನಕ್ಷೆ ಮಾಡಿ. ಗೆರೆ ನೇರವಾಗಿ ಏರುವುದಿಲ್ಲ. ಒಂದು ವರ್ಷ ಮೇಲೆ, ಇನ್ನೊಂದು ವರ್ಷ ಕೆಳಗೆ ಎಂದು ಕೆಲವು ಸೆಂಟಿಮೀಟರ್ ತೂಗಾಡುತ್ತದೆ. ನಂತರ ಸ್ಲೋಪ್ ಎಂಬ ಸೂತ್ರ ಬಳಸಿ, ಮೊದಲು ಮಟ್ಟದ ಸಾಲು ಆಮೇಲೆ ವರ್ಷದ ಸಾಲು ಕೊಟ್ಟರೆ, ವರ್ಷಕ್ಕೆ ಎಷ್ಟು ಮಿಲಿಮೀಟರ್ ಎಂಬ ಉತ್ತರ ಬರುತ್ತದೆ. ಮುಂಬಯಿಯ ದೀರ್ಘ ದಾಖಲೆಗೆ ಅದು ಸುಮಾರು 0.8. ಇದು ಜಗತ್ತಿನ ಸರಾಸರಿಗಿಂತ ಕಡಿಮೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಹವಾಮಾನ ಬದಲಾವಣೆಯ ಬಗೆಗಿನ ವಿಶ್ವಸಂಸ್ಥೆಯ ತಜ್ಞ ಸಮಿತಿಯಾದ ಐಪಿಸಿಸಿಯ 2021ರ ವರದಿಯಂತೆ 1901ರಿಂದ 2018ರವರೆಗೆ ಜಾಗತಿಕ ಸರಾಸರಿ ಮಟ್ಟ ಸುಮಾರು 20 ಸೆಂಟಿಮೀಟರ್, ಅಂದರೆ ವರ್ಷಕ್ಕೆ ಸುಮಾರು 1.7 ಮಿಲಿಮೀಟರಿನಂತೆ, ಏರಿದೆ. ಸಮುದ್ರ ತೊಟ್ಟಿಯ ನೀರಿನಂತೆ ಎಲ್ಲೆಡೆ ಒಂದೇ ಸಮ ಏರುವುದಿಲ್ಲ. ಗಾಳಿ, ಪ್ರವಾಹ, ನೀರಿನ ಬಿಸಿ ಎಲ್ಲವೂ ಊರಿಂದೂರಿಗೆ ವ್ಯತ್ಯಾಸ ತರುತ್ತವೆ. ಭಾರತ ಸರ್ಕಾರದ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಪ್ರಕಟಿಸಿದ ವರದಿ, ಉತ್ತರ ಹಿಂದೂ ಮಹಾಸಾಗರದಲ್ಲಿ 1874ರಿಂದ 2004ರವರೆಗೆ ಏರಿಕೆ ವರ್ಷಕ್ಕೆ 1.06ರಿಂದ 1.75 ಮಿಲಿಮೀಟರ್ ಇದ್ದದ್ದು, 1993ರಿಂದ 2017ರ ಅವಧಿಯಲ್ಲಿ 3.3 ಮಿಲಿಮೀಟರಿಗೆ ಬಂದಿದೆ ಎಂದು ಹೇಳುತ್ತದೆ.

ಕಾಲಾವಧಿಯ ಪ್ರಶ್ನೆಯನ್ನು ಪರೀಕ್ಷಿಸಲು ಅದೇ ಹಾಳೆಯಲ್ಲಿ ಹತ್ತು ಹತ್ತು ವರ್ಷಗಳ ತುಂಡುಗಳನ್ನು ಮಾತ್ರ ಆರಿಸಿ ಸ್ಲೋಪ್ ಹಾಕಿ ನೋಡಿ. ಕೆಲವು ತುಂಡುಗಳಲ್ಲಿ ಏರಿಕೆ ವಿಪರೀತ, ಕೆಲವದರಲ್ಲಿ ಇಳಿಕೆಯೇ ಬರುತ್ತದೆ. ವಾದದಲ್ಲಿ ಬೇಕಾದ ಉತ್ತರ ಬರುವ ತುಂಡನ್ನು ಆರಿಸುವುದು ಎಷ್ಟು ಸುಲಭ ಎಂಬುದು ಆಗ ಕೈಯಲ್ಲೇ ತಿಳಿಯುತ್ತದೆ. ಒಂದು ಬಂದರಿನ ದಾಖಲೆಯಿಂದ ನಂಬಿಕೆಯ ಉತ್ತರ ಬೇಕಾದರೆ ಐವತ್ತು ಅರವತ್ತು ವರ್ಷಗಳಾದರೂ ಬೇಕು. ಇಡೀ ಜಗತ್ತಿನ ಸರಾಸರಿಯೂ ಒಮ್ಮೊಮ್ಮೆ ಇಳಿಯುವುದುಂಟು: 2010–11ರಲ್ಲಿ ಶಾಂತಸಾಗರದ ಮೇಲ್ಮೈ ನೀರು ತಣ್ಣಗಾಗಿ ಜಗತ್ತಿನ ಮಳೆಯನ್ನು ಬದಲಿಸುವ ಲಾ ನಿನಾ ಬಲವಾಗಿ ಬಂದು ಆಸ್ಟ್ರೇಲಿಯ, ದಕ್ಷಿಣ ಅಮೆರಿಕ ಮುಂತಾದೆಡೆ ಅಪಾರ ಮಳೆ ಸುರಿದಾಗ, ಸಮುದ್ರದಿಂದ ಆವಿಯಾಗಿ ಹೋದ ನೀರು ನೆಲದ ಮೇಲೆ ನಿಂತುಬಿಟ್ಟು ಜಾಗತಿಕ ಮಟ್ಟ ಸುಮಾರು 5 ಮಿಲಿಮೀಟರ್ ಇಳಿಯಿತು. ಆ ವರ್ಷ ಏರಿಕೆ ಮುಗಿಯಿತು ಎಂದು ಸಾರಿದವರಿದ್ದರು. ನೀರು ಸಮುದ್ರಕ್ಕೆ ಮರಳಿತು, ಗೆರೆ ಮತ್ತೆ ಮೇಲೇರಿತು.

"ಉಪಗ್ರಹದ ಅಂಕಿಗಳನ್ನು ವಿಜ್ಞಾನಿಗಳು ತಿದ್ದುತ್ತಾರೆ" ಎಂಬ ಆಕ್ಷೇಪ ಬಂದರೆ ಅದನ್ನು ಗಂಭೀರವಾಗಿಯೇ ತೆಗೆದುಕೊಳ್ಳಬೇಕು, ಏಕೆಂದರೆ ತಿದ್ದುಪಡಿ ನಿಜವಾಗಿಯೂ ಇದೆ. 1992ರಲ್ಲಿ ಹಾರಿದ ಟೋಪೆಕ್ಸ್/ಪೊಸೈಡನ್‌ನಿಂದ 2020ರ ಸೆಂಟಿನೆಲ್-6ರವರೆಗಿನ ಉಪಗ್ರಹಗಳು 1336 ಕಿಲೋಮೀಟರ್ ಎತ್ತರದಿಂದ ರೇಡಾರ್ ಮಿಡಿತ ಕಳಿಸಿ, ಅದು ನೀರಿಗೆ ತಾಗಿ ಮರಳಲು ಹಿಡಿದ ಸಮಯದಿಂದ ಎತ್ತರ ಅಳೆಯುತ್ತವೆ. ಗಾಳಿಯಲ್ಲಿನ ತೇವ, ಅಲೆಗಳ ಆಕಾರ, ಉಪಕರಣದ ಸವೆತ ಇವೆಲ್ಲಕ್ಕೂ ತಿದ್ದುಪಡಿ ಬೇಕು. ಹಿಮಯುಗದ ಭಾರ ಕಳೆದ ಮೇಲೆ ಸಾಗರದ ತಳವೂ ತುಸು ಕುಸಿಯುತ್ತಿರುವುದರಿಂದ ವರ್ಷಕ್ಕೆ ಸುಮಾರು 0.3 ಮಿಲಿಮೀಟರ್ ಸೇರಿಸುತ್ತಾರೆ. ಹೆಚ್ಚಿನ ಗದ್ದಲ ಎದ್ದದ್ದು ಇದರ ಬಗ್ಗೆಯೇ. ಈ 0.3 ಅನ್ನು ಪೂರ್ತಿ ಕಳೆದುಬಿಡಿ. 2006ರಿಂದ 2018ರವರೆಗಿನ ವರ್ಷಕ್ಕೆ 3.7 ಮಿಲಿಮೀಟರಿನ ಏರಿಕೆ 3.4 ಆಗುತ್ತದೆ. ಏರಿಕೆ ಎಲ್ಲಿಗೂ ಹೋಗುವುದಿಲ್ಲ.

ಅದಕ್ಕಿಂತ ಬಲವಾದ ಉತ್ತರವೆಂದರೆ, ಬೇರೆ ದಾರಿಯಲ್ಲಿ ಅಳೆದರೂ ಲೆಕ್ಕ ಕೂಡುತ್ತದೆ ಎಂಬುದು. ಆರ್ಗೋ ಎಂಬ ಸುಮಾರು ನಾಲ್ಕು ಸಾವಿರ ತೇಲು ಉಪಕರಣಗಳು ಎರಡು ಕಿಲೋಮೀಟರ್ ಆಳದವರೆಗೆ ಇಳಿದು ಸಾಗರದ ಬಿಸಿ ಅಳೆಯುತ್ತವೆ. ಭಾರತದ ಪಾಲಿನ ಕೆಲಸವನ್ನು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ನೋಡಿಕೊಳ್ಳುತ್ತದೆ. ಬಿಸಿಯಾದ ನೀರು ಎಷ್ಟು ಉಬ್ಬಿದೆ ಎಂದು ಅದರಿಂದ ತಿಳಿಯುತ್ತದೆ. 2002ರಿಂದ ಗ್ರೇಸ್ ಎಂಬ ಜೋಡಿ ಉಪಗ್ರಹಗಳು ಗುರುತ್ವದ ಬದಲಾವಣೆಯಿಂದ ಗ್ರೀನ್‌ಲ್ಯಾಂಡ್, ಅಂಟಾರ್ಕ್ಟಿಕಾಗಳು ಕಳೆದುಕೊಂಡ ಹಿಮವನ್ನು ತೂಗಿವೆ. ಸುಮಾರು 360 ಶತಕೋಟಿ ಟನ್ ಹಿಮ ಸಮುದ್ರ ಸೇರಿದರೆ ಮಟ್ಟ ಒಂದು ಮಿಲಿಮೀಟರ್ ಏರುತ್ತದೆ. ಉಬ್ಬಿದ್ದು, ಸೇರಿದ್ದು ಎರಡನ್ನೂ ಕೂಡಿಸಿದರೆ ರೇಡಾರ್ ಉಪಗ್ರಹಗಳು ಅಳೆದ ಏರಿಕೆಗೆ ಹತ್ತಿರ ಬರುತ್ತದೆ. ಒಂದನ್ನು ತಿದ್ದಿ ಸುಳ್ಳು ಮಾಡಿದ್ದರೆ ಮೂರೂ ಹೀಗೆ ತಾಳೆಯಾಗುವುದು ಸಾಧ್ಯವಿಲ್ಲ.

ಲೋಟದ ನೀರಿನಲ್ಲಿ ಐಸ್ ಕರಗಿದರೆ ಮಟ್ಟ ಏರುವುದಿಲ್ಲವಲ್ಲ ಎಂಬ ಮಾತು ತೇಲುವ ಹಿಮಕ್ಕೆ ಸರಿ, ನೆಲದ ಮೇಲಿನ ಗ್ರೀನ್‌ಲ್ಯಾಂಡಿನ ಹಿಮಕ್ಕೆ ಅನ್ವಯಿಸುವುದಿಲ್ಲ; ಅದಕ್ಕೆ ಇದಕ್ಕಿಂತ ಹೆಚ್ಚಿನ ಉತ್ತರ ಬೇಕಿಲ್ಲ. ಟುವಾಲು ದೇಶದ ದ್ವೀಪಗಳ ನೆಲ 1971ರಿಂದ 2014ರ ನಡುವೆ ಒಟ್ಟು 2.9 ಶೇಕಡದಷ್ಟು ಹೆಚ್ಚಿದೆ ಎಂಬ ಅಧ್ಯಯನವನ್ನೂ ಮುಂದಿಡುತ್ತಾರೆ. ಅಧ್ಯಯನ ನಿಜ. ಆದರೆ ಹವಳದ ಚೂರುಗಳನ್ನು ಅಲೆಗಳು ತಂದು ಹಾಕುವುದರಿಂದ ನೆಲ ಬೆಳೆದದ್ದು ಅದು. ಅದೇ ಅಧ್ಯಯನ ಅಲ್ಲಿ ಸಮುದ್ರ ಏರಿರುವುದನ್ನೂ ಹೇಳುತ್ತದೆ.

ಇದೇ ಮಾತನ್ನು ನಮ್ಮ ಕಡಲ್ಕೊರೆತಕ್ಕೂ ಅಷ್ಟೇ ನಿಷ್ಠೆಯಿಂದ ಹೇಳಬೇಕು. ನೆಲ ಬೆಳೆದರೆ ಸಮುದ್ರ ಇಳಿದಂತಲ್ಲ, ನೆಲ ಕೊಚ್ಚಿಹೋದರೆ ಸಮುದ್ರ ಏರಿದಂತೆಯೂ ಅಲ್ಲ. ಕರಾವಳಿಯ ದಡ ಬದಲಾಗುವುದಕ್ಕೆ ಅಳಿವೆ ಬಾಗಿಲಿನಲ್ಲಿ ಕಟ್ಟಿದ ತಡೆಗೋಡೆ, ಬಂದರಿನ ಕಾಮಗಾರಿ, ನದಿ ತರುವ ಮರಳು ಕಡಿಮೆಯಾದದ್ದು ಹೀಗೆ ಹತ್ತಿರದ ಕಾರಣಗಳಿರುತ್ತವೆ. ಭಾರತದ ಕರಾವಳಿಯಲ್ಲಿ 1990ರಿಂದ 2018ರವರೆಗೆ ಸುಮಾರು ಮೂರನೇ ಒಂದು ಭಾಗ ಕೊರೆತಕ್ಕೆ ಸಿಕ್ಕಿದ್ದರೆ, ಕಾಲು ಭಾಗಕ್ಕಿಂತ ಹೆಚ್ಚಿನ ಕಡೆ ದಡ ಬೆಳೆದಿದೆ. ಇನ್ನೊಂದು ಸಂಗತಿ ಕರಾವಳಿಯವರಿಗೇ ಅಚ್ಚರಿಯಾಗಬಹುದು: ದಡ ಕೊರೆಯುವ ಮಳೆಗಾಲದಲ್ಲಿ ನಮ್ಮ ನೈಋತ್ಯ ತೀರದ ಸರಾಸರಿ ಸಮುದ್ರ ಮಟ್ಟ ವರ್ಷದ ಬೇರೆ ದಿನಗಳಿಗಿಂತ ತಗ್ಗಿರುತ್ತದೆ, ಡಿಸೆಂಬರ್ ಜನವರಿಯ ಶಾಂತ ಕಡಲಲ್ಲಿ ಅದು ಹತ್ತು ಸೆಂಟಿಮೀಟರಿಗೂ ಮೀರಿ ಮೇಲಿರುತ್ತದೆ. ಮನೆ ಕೆಡವಿದ್ದು ಅಲೆ. ಮಟ್ಟ ಏರುತ್ತ ಹೋದಷ್ಟೂ ಅದೇ ಅಲೆ ಇನ್ನಷ್ಟು ಒಳಗೆ ಬರುತ್ತದೆ ಎಂಬುದು ನಿಜ, ಆದರೆ ಒಂದು ಮಳೆಗಾಲದ ಕೊರೆತವನ್ನು ಏರಿಕೆಯ ಪುರಾವೆಯಾಗಿ ಮುಂದಿಟ್ಟರೆ ಮನೆ ಕಳೆದುಕೊಂಡವರಿಗೂ ಪ್ರಯೋಜನವಿಲ್ಲ. ತಡೆಗೋಡೆಯ ಬಗ್ಗೆ ಕೇಳಬೇಕಾದ ಪ್ರಶ್ನೆ ಆಗ ಮರೆಗೆ ಸರಿಯುತ್ತದೆ.

ಹಾಗೆಂದು ದಡದ ಚಿತ್ರ ತೆಗೆಯಲೇಬಾರದು ಎಂದಲ್ಲ; ಮುಂದೊಂದು ದಿನ ಉಪಯೋಗಕ್ಕೆ ಬರುವಂತೆ ತೆಗೆಯಬೇಕು. ಜಾರದ, ಕುಸಿಯದ ಒಂದು ಆಸರೆ ಆರಿಸಿ: ಮೀನುಗಾರಿಕೆ ಧಕ್ಕೆಯ ಕಾಂಕ್ರೀಟು ಮೆಟ್ಟಿಲು, ಹಳೆಯ ಸೇತುವೆಯ ಕಂಬ, ಇಲ್ಲವೇ ನೆಲಕ್ಕೆ ಅಂಟಿಕೊಂಡ ಬಂಡೆ. ಪ್ರತಿ ಸಲವೂ ಒಂದೇ ಜಾಗದಲ್ಲಿ ನಿಂತು, ನೀರು ಆ ಆಸರೆಯ ಎಷ್ಟನೆಯ ಮೆಟ್ಟಿಲಿಗೆ ತಾಗಿದೆ ಎಂಬುದು ಕಾಣುವಂತೆ ಚಿತ್ರ ತೆಗೆಯಿರಿ. ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರತಿ ವರ್ಷ ಪ್ರಕಟಿಸುವ ಉಬ್ಬರದ ಕೋಷ್ಟಕದಲ್ಲಿ ನಿಮ್ಮ ಹತ್ತಿರದ ಬಂದರಿಗೆ ಆ ದಿನ ಯಾವ ಗಂಟೆಗೆ ಎಷ್ಟು ಎತ್ತರದ ಉಬ್ಬರ ಎಂದು ಕೊಟ್ಟಿರುತ್ತಾರೆ. ಚಿತ್ರದ ಜೊತೆಗೆ ದಿನಾಂಕ, ಗಂಟೆ ನಿಮಿಷ, ಸ್ಥಳ, ಕೋಷ್ಟಕದ ಎತ್ತರ, ಅಂದಿನ ಗಾಳಿ ಮಳೆಯ ಸ್ಥಿತಿ ಇಷ್ಟನ್ನೂ ಬರೆದಿಡಿ, ಬರೆದದ್ದರ ಒಂದು ಪ್ರತಿಯನ್ನು ಬೇರೆ ಕಡೆಯೂ ಇಡಿ. ಪೋರ್ಟ್ ಆರ್ಥರಿನ ಕಲ್ಲಿನ ಫಲಕ ಕಳೆದುಹೋಯಿತು, ಆದರೆ 6 ಅಡಿ 1 ಅಂಗುಲ ಎಂಬ ಅಂಕಿಯನ್ನು ಯಾರೋ ನಕಲು ಮಾಡಿಟ್ಟಿದ್ದರು.